ಗಣಕಯಂತ್ರಕ್ಕೊಂದು ಬೆಳಗುವ ಗುಂಡಿ: ರಚನೆ ಮತ್ತು ಪ್ರಯೋಗ

ಗಣಕಯಂತ್ರದ ಮುಂದೆ ಕುಳಿತವನು ಮೊಟ್ಟಮೊದಲು ಮುಟ್ಟುವುದು ಕೀಲಿಮಣೆಯನ್ನಲ್ಲ; ಯಂತ್ರವನ್ನು ಎಚ್ಚರಿಸುವ ಒಂದು ಪುಟ್ಟ ಗುಂಡಿಯನ್ನು. ಅದನ್ನು ಒತ್ತಿದೊಡನೆ ಒಂದು ದೀಪ ಬೆಳಗುತ್ತದೆ; ನಾವು ಮುಂದಿನ ಕೆಲಸಕ್ಕೆ ಹೊರಡುತ್ತೇವೆ. ಗುಂಡಿ ಚೆನ್ನಾಗಿರುವವರೆಗೆ ಅದರ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಅದು ಸಿಕ್ಕಿಕೊಂಡಾಗ, ತಪ್ಪಿ ಒತ್ತಲ್ಪಟ್ಟಾಗ, ಅಥವಾ ಅದರ ದೀಪ ಸುಳ್ಳು ಹೇಳಿದಾಗ ಮಾತ್ರ, ಇಷ್ಟು ಚಿಕ್ಕ ವಸ್ತುವಿನಲ್ಲಿ ಎಷ್ಟೊಂದು ವಿಚಾರ ಅಡಗಿದೆ ಎಂಬುದು ತಿಳಿಯುತ್ತದೆ. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಓದಿದ ವಿದ್ಯಾರ್ಥಿಯು ಇಂತಹ ಗುಂಡಿಯೊಂದನ್ನು ತಾನೇ ಕಲ್ಪಿಸಿ, ಲೆಕ್ಕಹಾಕಿ, ಮಾದರಿಯನ್ನು ನಿರ್ಮಿಸಬಹುದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ನಮ್ಮ ಮುಂದಿರುವ ಪ್ರಯೋಜನ ಇದು. ಗಣಕಕೊಠಡಿಗಳಲ್ಲಿ ಯಂತ್ರದ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಮೇಜಿನ ಕೆಳಗೆ ಇರಿಸುತ್ತಾರೆ. ಅದನ್ನು ಚಾಲೂ ಮಾಡಲು ಪ್ರತಿಯೊಬ್ಬರೂ ಬಾಗಿ, ಕತ್ತಲಲ್ಲಿ ತಡಕಾಡಬೇಕು. ಬೆನ್ನುನೋವಿನವರಿಗೆ ಇದು ಕಷ್ಟ. ಗಾಲಿಕುರ್ಚಿಯಲ್ಲಿ ಕುಳಿತ ವಿದ್ಯಾರ್ಥಿಗಂತೂ ಅಸಾಧ್ಯ. ಮತ್ತೊಬ್ಬರು ಬಂದು ಗುಂಡಿ ಒತ್ತುವವರೆಗೆ ಅವನು ಕಾದು ಕುಳಿತಿರಬೇಕಾಗುತ್ತದೆ. ಮೇಜಿನ ಮೇಲೆ, ಕೈಗೆ ಎಟುಕುವಲ್ಲಿ, ತಂತಿಯಿಂದ ಯಂತ್ರಕ್ಕೆ ಜೋಡಿಸಿದ, ಬೆಳಕಿರುವ ಒಂದು ಗುಂಡಿಯಿದ್ದರೆ ಈ ಪರಾವಲಂಬನೆ ತಪ್ಪುತ್ತದೆ.

ಇಂತಹ ಪ್ರಯೋಗಕ್ಕೆ ಇಂದು ಅವಕಾಶವಿರುವುದಕ್ಕೆ ಒಂದು ಐತಿಹಾಸಿಕ ಕಾರಣವಿದೆ. ೧೯೮೧ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನ ಬಲಪಾರ್ಶ್ವದಲ್ಲಿ, ಹಿಂಬದಿಗೆ, ದೊಡ್ಡದೊಂದು ಕೆಂಪು ಸ್ವಿಚ್ಚಿತ್ತು. ಅದು ಮನೆಯ ಗೋಡೆಯ ಸ್ವಿಚ್ಚಿನಂತೆ ಮುಖ್ಯ ವಿದ್ಯುತ್ತನ್ನೇ ಕಡಿಯುತ್ತಿತ್ತು ಅಥವಾ ಕೂಡಿಸುತ್ತಿತ್ತು. ಮುಂದೆ ಕೆಲವು ಪೆಟ್ಟಿಗೆಗಳಲ್ಲಿ ಈ ಸ್ವಿಚ್ಚು ಮುಂಭಾಗಕ್ಕೆ ಬಂದಿತಾದರೂ, ಮುಖ್ಯ ವಿದ್ಯುತ್ತಿನ ನಾಲ್ಕು ತಂತಿಗಳು ಅದರೊಡನೆಯೇ ಮುಂಭಾಗಕ್ಕೆ ಹರಿದುಬಂದವು. ನಮ್ಮ ದೇಶದಲ್ಲಾದರೆ ಅದು ೨೩೦ ವೋಲ್ಟು. ಅಂತಹ ಸ್ವಿಚ್ಚಿಗೆ ಕೈಹಾಕುವುದು ವಿದ್ಯಾರ್ಥಿಯ ಕೆಲಸವಲ್ಲ. ಈ ಹಳೆಯ ಬಗೆಯ ಯಂತ್ರ ಯಾವುದಾದರೂ ಮೂಲೆಯಲ್ಲಿ ಉಳಿದಿದ್ದರೆ ಈ ಪಾಠವನ್ನು ಅದರ ಮೇಲೆ ಪ್ರಯೋಗಿಸಕೂಡದು.

೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ರಚನಾನಿಯಮವನ್ನು ಪ್ರಕಟಿಸಿತು. ಅಂದಿನಿಂದ ಗುಂಡಿಯ ಸ್ವಭಾವವೇ ಬದಲಾಯಿತು. ಎಟಿಎಕ್ಸ್ ಯಂತ್ರದ ವಿದ್ಯುತ್ ಪೆಟ್ಟಿಗೆಯು ಗೋಡೆಗೆ ಜೋಡಿಸಿರುವಷ್ಟು ಕಾಲವೂ ಒಂದು ನೇರಳೆ ತಂತಿಯಲ್ಲಿ ೫ ವೋಲ್ಟಿನ ಅಲ್ಪ ವಿದ್ಯುತ್ತನ್ನು ನೀಡುತ್ತಲೇ ಇರುತ್ತದೆ. ಯಂತ್ರ ನಿದ್ರಿಸುತ್ತಿದ್ದರೂ ಅದರ ಕಾವಲುಗಾರ ಎಚ್ಚರವಾಗಿರುತ್ತಾನೆ ಎನ್ನಬಹುದು. ಗುಂಡಿಯು ಈಗ ಮಾಡುವುದಿಷ್ಟೇ: ಮದರ್‌ಬೋರ್ಡಿನ ಎರಡು ಸೂಜಿಗಳನ್ನು ಕ್ಷಣಕಾಲ ಒಂದಕ್ಕೊಂದು ಮುಟ್ಟಿಸುತ್ತದೆ. ಮದರ್‌ಬೋರ್ಡ್ ಅದನ್ನು ಒಂದು ವಿನಂತಿಯೆಂದು ಸ್ವೀಕರಿಸಿ, ಹಸಿರು ತಂತಿಯ ಮೂಲಕ ವಿದ್ಯುತ್ ಪೆಟ್ಟಿಗೆಗೆ ಸೂಚನೆ ಕಳುಹಿಸುತ್ತದೆ. ಆಗ ಮುಖ್ಯ ಧಾರೆಗಳು ತೆರೆದುಕೊಳ್ಳುತ್ತವೆ. ಅಂದರೆ ಗುಂಡಿ ವಿದ್ಯುತ್ತಿನ ಬಾಗಿಲಾಗಿ ಉಳಿಯದೆ, ಬಾಗಿಲ ಗಂಟೆಯಾಗಿದೆ. ಗಂಟೆಯ ತಂತಿಯನ್ನು ಎಲ್ಲಿಗಾದರೂ ಎಳೆಯಬಹುದು, ಎಷ್ಟು ಗಂಟೆಗಳನ್ನಾದರೂ ಜೋಡಿಸಬಹುದು. (ಗುಂಡಿ ಒತ್ತಿದರೆ ಯಂತ್ರವು ಕೆಲಸವನ್ನು ಉಳಿಸಿಕೊಂಡು ತಾನೇ ಆರುವ ಈ ಕಲ್ಪನೆ ಎಟಿಎಕ್ಸ್‌ಗಿಂತ ಹಳೆಯದು, ೧೯೮೩ರ ಆಪಲ್ ಲೀಸಾ ಯಂತ್ರದಲ್ಲಿಯೇ ಅದಿತ್ತು.)

ಗಂಟೆಗೆ ಮಾತ್ರ ಒಂದು ಕಠಿಣ ನಿಯಮವಿದೆ. ೧೯೯೬ರಲ್ಲಿ ಮೊದಲು ಪ್ರಕಟವಾದ ಎಸಿಪಿಐ ಎಂಬ ನಿಯಮಾವಳಿಯ ಪ್ರಕಾರ, ಗುಂಡಿಯನ್ನು ನಾಲ್ಕು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಒತ್ತಿಹಿಡಿದರೆ ಯಂತ್ರವು ಯಾರನ್ನೂ ಕೇಳದೆ, ಏನನ್ನೂ ಉಳಿಸದೆ ಆರಿಹೋಗುತ್ತದೆ. ಸ್ತಬ್ಧವಾದ ಯಂತ್ರವನ್ನು ನಿಲ್ಲಿಸಲು ಇದು ಬೇಕೇ ಬೇಕು. ಆದರೆ ನಾವು ರಚಿಸುವ ಗುಂಡಿಯು ಒತ್ತಿದ ಮೇಲೆ ಮೇಲೇಳದೆ ಸಿಕ್ಕಿಕೊಂಡರೆ ಏನಾಗುತ್ತದೆಂಬುದನ್ನು ಯೋಚಿಸಿರಿ. ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಯಂತ್ರ ಆರುತ್ತದೆ; ಅಥವಾ ಅರ್ಧ ಬರೆದ ಲೇಖನದ ನಡುವೆ ಯಾರದೋ ಪುಸ್ತಕ ಗುಂಡಿಯ ಮೇಲೆ ಬಿದ್ದು ನಾಲ್ಕು ಸೆಕೆಂಡು ನಿಂತರೆ, ಬರೆದದ್ದೆಲ್ಲ ಹೋಗುತ್ತದೆ. ಆದುದರಿಂದ ನಮ್ಮ ರಚನೆಯಲ್ಲಿ ಸೌಂದರ್ಯಕ್ಕಿಂತ ಮೊದಲು ಎರಡು ಗುಣಗಳು ಇರಬೇಕು. ಗುಂಡಿ ಎಂದಿಗೂ ಸಿಕ್ಕಿಕೊಳ್ಳಬಾರದು. ಬೇಕೆಂದು ಒತ್ತಿದಾಗಲಲ್ಲದೆ ಒತ್ತಿಕೊಳ್ಳಬಾರದು. ಆಪಲ್ ಸಂಸ್ಥೆಯು ೨೦೦೦ದಲ್ಲಿ ಹೊರತಂದ ಪವರ್ ಮ್ಯಾಕ್ ಜಿ೪ ಕ್ಯೂಬ್ ಎಂಬ ಅತಿ ಸುಂದರವಾದ ಯಂತ್ರದಲ್ಲಿ, ಒತ್ತುವ ಗುಂಡಿಯ ಬದಲು ಬೆರಳು ಸೋಕಿದರೆ ಸಾಕಾಗುವ ಸ್ಪರ್ಶಸ್ಥಾನವಿತ್ತು. ಕೈ ಹತ್ತಿರ ಹೋದರೂ ಯಂತ್ರ ತನ್ನಷ್ಟಕ್ಕೆ ಎದ್ದು ಮಲಗುತ್ತದೆಂದು ಬಳಕೆದಾರರು ದೂರಿದರು. ನಮಗೆ ಬೇಕಾದದ್ದು ಬೆರಳಿಗೆ ಸ್ವಲ್ಪ ಪ್ರತಿರೋಧವನ್ನು ಒಡ್ಡುವ, ಒತ್ತಿದೆನೆಂಬ ಅರಿವನ್ನು ಮೂಡಿಸುವ ಗುಂಡಿ.

ಈಗ ಮದರ್‌ಬೋರ್ಡಿನ ಕಡೆ ನೋಡೋಣ. ಅದರ ಒಂದು ಅಂಚಿನಲ್ಲಿ ೨.೫೪ ಮಿಲಿಮೀಟರ್ ಅಂತರದಲ್ಲಿ ಎರಡು ಸಾಲು ಸೂಜಿಗಳಿರುತ್ತವೆ. ಇಂಟೆಲ್ ಸೂಚಿಸಿದ, ಬಹುಮಂದಿ ತಯಾರಕರು ಅನುಸರಿಸುವ ಕ್ರಮದಲ್ಲಿ ೧ ಮತ್ತು ೩ನೆಯವು ಡಿಸ್ಕಿನ ದೀಪಕ್ಕೆ, ೨ ಮತ್ತು ೪ನೆಯವು ವಿದ್ಯುತ್ ದೀಪಕ್ಕೆ, ೫ ಮತ್ತು ೭ನೆಯವು ಪುನರಾರಂಭದ ಗುಂಡಿಗೆ, ೬ ಮತ್ತು ೮ನೆಯವು ನಮ್ಮ ವಿದ್ಯುತ್ ಗುಂಡಿಗೆ ಮೀಸಲಾಗಿವೆ. ೧೦ನೆಯ ಸೂಜಿ ಇರುವುದಿಲ್ಲ. ಆ ಖಾಲಿ ಜಾಗವೇ ದಿಕ್ಕಿನ ಗುರುತು. ಕೆಲವು ಸಿದ್ಧಗಣಕಗಳಲ್ಲಿ ಕ್ರಮ ಬೇರೆಯಿರುವುದುಂಟು. ಆದಕಾರಣ ಆಯಾ ಯಂತ್ರದ ಕೈಪಿಡಿಯನ್ನು ನೋಡಿಯೇ ಮುಂದುವರಿಯಬೇಕು. ಕೈಹಾಕುವ ಮೊದಲು ಯಂತ್ರವನ್ನು ಆರಿಸಿದರಷ್ಟೇ ಸಾಲದು, ಗೋಡೆಯಿಂದ ತಂತಿಯನ್ನೂ ಕೀಳಬೇಕು; ಏಕೆಂದರೆ ಮೇಲೆ ಹೇಳಿದ ನೇರಳೆ ತಂತಿಯ ೫ ವೋಲ್ಟು ಅಲ್ಲಿಯವರೆಗೂ ಜೀವಂತವಾಗಿರುತ್ತದೆ.

ಪೆಟ್ಟಿಗೆಯ ಹಳೆಯ ಗುಂಡಿಯನ್ನು ಕಿತ್ತುಹಾಕುವ ಅಗತ್ಯವಿಲ್ಲ. ಅದಕ್ಕೆ ಸಮಾಂತರವಾಗಿ ಹೊಸದನ್ನು ಜೋಡಿಸಿದರೆ ಎರಡರಲ್ಲಿ ಯಾವುದನ್ನು ಒತ್ತಿದರೂ ಮಂಡಲ ಪೂರ್ಣವಾಗುತ್ತದೆ. ತರ್ಕಶಾಸ್ತ್ರದ 'ಅಥವಾ' ಎಂಬುದರ ಅತಿ ಸರಳ ರೂಪ ಇದೇ. ಗುಂಡಿಯ ಲೋಹಪಟ್ಟಿಗಳು ಕೂಡುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಚೆಂಡಿನಂತೆ ಪುಟಿಯುತ್ತವೆ; ಈ ಪುಟಿತವನ್ನು ಮದರ್‌ಬೋರ್ಡೇ ಸಹಿಸಿಕೊಳ್ಳುವುದರಿಂದ ಆ ಚಿಂತೆ ನಮಗೆ ಬೇಡ.

ದೀಪದ ವಿಚಾರಕ್ಕೆ ಹೆಚ್ಚಿನ ಗಮನ ಕೊಡಬೇಕಾಗಿದೆ. ನಾವು ಬಳಸುವುದು ಎಲ್.ಇ.ಡಿ. ಎಂಬ ಬೆಳಕು ಸೂಸುವ ಡಯೋಡನ್ನು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ನಿಕ್ ಹಾಲೊನ್ಯಾಕ್ ೧೯೬೨ರಲ್ಲಿ ನಿರ್ಮಿಸಿದರು. ಪ್ರಖರವಾದ ನೀಲಿಗೆ ಜಗತ್ತು ೧೯೯೩ರವರೆಗೆ, ಜಪಾನಿನ ಶುಜಿ ನಕಮುರಾ ಅವರ ಸಾಧನೆಯವರೆಗೆ ಕಾಯಬೇಕಾಯಿತು. ೨೦೧೪ರಲ್ಲಿ ಅವರಿಗೆ ಅಕಸಾಕಿ ಮತ್ತು ಅಮಾನೊ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಬಣ್ಣ ಬದಲಾದಂತೆ ಡಯೋಡು ಬೇಡುವ ವಿಭವಾಂತರವೂ ಬದಲಾಗುತ್ತದೆ. ಕೆಂಪಿಗೆ ಸುಮಾರು ೨ ವೋಲ್ಟು ಸಾಕು. ನೀಲಿಗೂ, ನೀಲಿಯ ಸಂಬಂಧಿಯಾದ ಈಚಿನ ಪ್ರಖರ ಹಸಿರಿಗೂ ಸುಮಾರು ೩ ವೋಲ್ಟು ಬೇಕು.

ಮದರ್‌ಬೋರ್ಡಿನ ದೀಪದ ಸೂಜಿಗಳ ಹಿಂದೆ ಸಾಮಾನ್ಯವಾಗಿ ಒಂದು ರೋಧಕವು ಮೊದಲೇ ಇರುತ್ತದೆ. ಅದರ ಬೆಲೆಯನ್ನು ಕಂಡುಹಿಡಿಯುವುದು ಒಳ್ಳೆಯ ಅಭ್ಯಾಸ. ಯಂತ್ರ ನಡೆಯುತ್ತಿರುವಾಗ ಮಲ್ಟಿಮೀಟರಿನಿಂದ ದೀಪದ ಎರಡು ಸೂಜಿಗಳ ನಡುವಿನ ವಿಭವಾಂತರವನ್ನು ಅಳೆಯಿರಿ. ೫ ವೋಲ್ಟು ಬಂದಿತೆನ್ನೋಣ. ಅನಂತರ ಅವುಗಳ ನಡುವೆ ೧೦೦೦ ಓಮಿನ ರೋಧಕವನ್ನಿಟ್ಟು ಮತ್ತೆ ಅಳೆಯಿರಿ. ಈಗ ೩.೭೬ ವೋಲ್ಟು ಬಂದರೆ, ಉಳಿದ ೧.೨೪ ವೋಲ್ಟು ಒಳಗಿನ ರೋಧಕದಲ್ಲಿ ಕಳೆದಿದೆ. ಎರಡರಲ್ಲೂ ಹರಿಯುವುದು ಒಂದೇ ಪ್ರವಾಹವಾದುದರಿಂದ, ೧.೨೪ನ್ನು ೩.೭೬ರಿಂದ ಭಾಗಿಸಿ ೧೦೦೦ದಿಂದ ಗುಣಿಸಿದರೆ ಒಳಗಿನ ರೋಧ ಸುಮಾರು ೩೩೦ ಓಮ್ ಎಂದಾಗುತ್ತದೆ. ಓಮನ ನಿಯಮವನ್ನು ಹಲಗೆಯ ಮೇಲೆ ಹತ್ತು ಸಲ ಬರೆಯುವುದಕ್ಕಿಂತ ಇದನ್ನು ಒಮ್ಮೆ ಮಾಡುವುದು ಹೆಚ್ಚು ಕಲಿಸುತ್ತದೆಂದು ನನ್ನ ಭಾವನೆ. ಕೆಲವು ಬೋರ್ಡುಗಳಲ್ಲಿ ಅಂಕಿಗಳು ಬೇರೆ ಬರುತ್ತವೆ. ಮುಂದಿನ ಲೆಕ್ಕವನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಬೇಕು.

ಈ ಅಂಕಿಗಳನ್ನೇ ಹಿಡಿದು ಗುಂಡಿಯ ಒಳಾಂಗಣವನ್ನು ಯೋಜಿಸೋಣ. ಮೊದಲು ಯಾರಿಗೂ ಹೊಳೆಯುವ ರಚನೆ ಎಂದರೆ, ನಡುವೆ ಒಂದು ಒತ್ತುಸ್ವಿಚ್ಚು, ಅದರ ಎರಡು ಪಕ್ಕದಲ್ಲಿ ಎರಡು ದೀಪ, ಮೇಲೊಂದು ಪಾರದರ್ಶಕ ಮುಚ್ಚಳ. ಎರಡು ಕೆಂಪು ಡಯೋಡುಗಳನ್ನು ಸರಣಿಯಲ್ಲಿ ಜೋಡಿಸಿದರೆ ಅವು ೪ ವೋಲ್ಟನ್ನು ಬೇಡುತ್ತವೆ. ಉಳಿದ ೧ ವೋಲ್ಟು ೩೩೦ ಓಮಿನಲ್ಲಿ ೩ ಮಿಲಿ ಆಂಪಿಯರ್ ಪ್ರವಾಹವನ್ನು ಹರಿಸುತ್ತದೆ. ಈಗಿನ ಡಯೋಡುಗಳಿಗೆ ಅಷ್ಟು ಸಾಕು. ಆದರೆ ಕೆಂಪು ಬಣ್ಣ ಎಚ್ಚರಿಕೆಯ ಸಂಕೇತ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಅದು ತಕ್ಕುದಲ್ಲ. ೨೦೦೪ರಲ್ಲಿ ಐಇಇಇ ಸಂಸ್ಥೆಯು ೧೬೨೧ ಎಂಬ ಸಂಖ್ಯೆಯಡಿ ಪ್ರಕಟಿಸಿದ ಮಾನಕವು, ಯಂತ್ರ ಎಚ್ಚರವಾಗಿದ್ದಾಗ ಹಸಿರು, ನಿದ್ರಿಸುವಾಗ ಹಳದಿಗೆಂಪು, ಆರಿದಾಗ ದೀಪವಿಲ್ಲ ಎಂಬ ಕ್ರಮವನ್ನು ಹೇಳುತ್ತದೆ. ಹಾಗಾದರೆ ಎರಡು ಪ್ರಖರ ಹಸಿರು ದೀಪಗಳನ್ನು ಸರಣಿಯಲ್ಲಿ ಇಡೋಣವೆಂದರೆ ಅವು ೬ ವೋಲ್ಟನ್ನು ಬೇಡುತ್ತವೆ, ನಮ್ಮಲ್ಲಿರುವುದು ಐದೇ. ಅವು ಬೆಳಗುವುದೇ ಇಲ್ಲ. ಸಮಾಂತರವಾಗಿ ಇಟ್ಟರೆ ಬೆಳಗುತ್ತವೆ, ಆದರೆ ಒಂದೇ ರೋಧಕವನ್ನು ಹಂಚಿಕೊಂಡ ಎರಡು ಡಯೋಡುಗಳಲ್ಲಿ ಕಡಿಮೆ ವಿಭವಾಂತರದ್ದು ಹೆಚ್ಚು ಪ್ರವಾಹವನ್ನು ಕಸಿದುಕೊಳ್ಳುವುದರಿಂದ ಒಂದು ಪಕ್ಕ ಉಜ್ವಲವಾಗಿ, ಮತ್ತೊಂದು ಮಂಕಾಗಿ ಕಾಣುವ ಸಂಭವವಿದೆ.

ಆದ್ದರಿಂದ ರಚನೆಯನ್ನೇ ತಿರುಗಿಸಬೇಕು. ದೀಪ ನಡುವೆ ಬರಲಿ, ಸ್ವಿಚ್ಚುಗಳು ಪಕ್ಕಕ್ಕೆ ಹೋಗಲಿ. ಒಂದೇ ಹಸಿರು ಡಯೋಡು ೩ ವೋಲ್ಟನ್ನು ತೆಗೆದುಕೊಂಡರೆ ಉಳಿದ ೨ ವೋಲ್ಟು ೩೩೦ ಓಮಿನಲ್ಲಿ ೬ ಮಿಲಿ ಆಂಪಿಯರ್ ಹರಿಸುತ್ತದೆ. ಸಾಮಾನ್ಯ ಡಯೋಡು ತಡೆಯಬಲ್ಲ ೨೦ ಮಿಲಿ ಆಂಪಿಯರಿಗೆ ಇದು ಎಷ್ಟೋ ಕಡಿಮೆ. ದೀಪದ ಎರಡು ಬದಿಗಳಲ್ಲಿ ೬ ಮಿಲಿಮೀಟರ್ ಚೌಕದ, ೧೩ ಮಿಲಿಮೀಟರ್ ಎತ್ತರದ ಎರಡು ಒತ್ತುಸ್ವಿಚ್ಚುಗಳನ್ನು ಸಮಾಂತರವಾಗಿ ಜೋಡಿಸೋಣ. ಇದರಿಂದ ಮತ್ತೊಂದು ಲಾಭವೂ ಇದೆ. ಅಗಲವಾದ ಮುಚ್ಚಳವು ನಡುವಿನ ಒಂದೇ ಸ್ವಿಚ್ಚಿನ ಮೇಲೆ ನಿಂತಿದ್ದರೆ, ಅಂಚನ್ನು ಒತ್ತಿದಾಗ ತಕ್ಕಡಿಯಂತೆ ಓರೆಯಾಗಿ ಕೊಳವೆಯಲ್ಲಿ ಸಿಕ್ಕಿಕೊಳ್ಳಬಹುದು. ಎರಡು ಆಧಾರಗಳಿದ್ದರೆ ಆ ಸಾಲಿನಲ್ಲಿ ಯಾವ ಅಂಚನ್ನು ಒತ್ತಿದರೂ ಹತ್ತಿರದ ಸ್ವಿಚ್ಚು ಟಿಕ್ಕೆಂದು ಮುಚ್ಚಿಕೊಳ್ಳುತ್ತದೆ. ಈ ಸ್ವಿಚ್ಚುಗಳ ಚಲನೆ ಕೇವಲ ಕಾಲು ಮಿಲಿಮೀಟರ್. ಆದುದರಿಂದ ಮುಚ್ಚಳವು ಹೆಚ್ಚು ಓಡಾಡುವ ಪ್ರಶ್ನೆಯೇ ಬರುವುದಿಲ್ಲ.

ಪೇಟೆಯಲ್ಲಿ ಸಿದ್ಧವಾಗಿ ದೊರೆಯುವ, ೧೬, ೧೯ ಅಥವಾ ೨೨ ಮಿಲಿಮೀಟರ್ ರಂಧ್ರದಲ್ಲಿ ಕೂರುವ, ಸುತ್ತ ಬೆಳಕಿನ ಬಳೆಯಿರುವ ಉಕ್ಕಿನ ಗುಂಡಿಗಳೂ ಉಂಟು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಅಲೆದರೆ ಸಿಕ್ಕುತ್ತವೆ. ಕೊಳ್ಳುವಾಗ ಅವುಗಳ ದೀಪ ಎಷ್ಟು ವೋಲ್ಟಿನದೆಂದು ಕೇಳಬೇಕು. ೧೨ ವೋಲ್ಟಿಗೆಂದು ಒಳಗೇ ರೋಧಕವಿಟ್ಟು ಮಾಡಿದ್ದನ್ನು ನಮ್ಮ ಸೂಜಿಗಳಿಗೆ ಜೋಡಿಸಿದರೆ ಮಿಣುಕುಹುಳದಷ್ಟೇ ಬೆಳಕು. ಒತ್ತಿದರೆ ಒತ್ತಿದಂತೆಯೇ ನಿಲ್ಲುವ ಜಾತಿಯದನ್ನಂತೂ ತರಲೇಬಾರದು. ಕಾರಣ ಆ ನಾಲ್ಕು ಸೆಕೆಂಡುಗಳ ನಿಯಮ.

ಇನ್ನು ಬೆಳಕನ್ನು ಬೆರಳಿನವರೆಗೆ ತರುವ ಮುಚ್ಚಳ. ಇದಕ್ಕೆ ನಾಮಫಲಕ ಮಾಡುವವರು ಬಳಸುವ ಅಕ್ರಿಲಿಕ್ ಅತ್ಯುತ್ತಮ. ೨೫ ಮಿಲಿಮೀಟರ್ ವ್ಯಾಸದ ಅಕ್ರಿಲಿಕ್ ದಂಡದಿಂದ ೧೫ ಮಿಲಿಮೀಟರ್ ಉದ್ದದ ಒಂದು ತುಂಡನ್ನು ಕತ್ತರಿಸೋಣ. ಅಕ್ರಿಲಿಕ್ಕಿನ ವಕ್ರೀಭವನಾಂಕ ೧.೪೯, ಅದರ ಕ್ರಾಂತಿಕೋನ ಸುಮಾರು ೪೨ ಡಿಗ್ರಿ. ನಯವಾದ ಕೆಳಮುಖದಿಂದ ಒಳಹೊಕ್ಕ ಕಿರಣವು, ಎಷ್ಟೇ ಓರೆಯಾಗಿ ಬಂದಿದ್ದರೂ, ವಕ್ರೀಭವನ ಹೊಂದಿ ಲಂಬದಿಂದ ೪೨ ಡಿಗ್ರಿಯೊಳಗೇ ಬಾಗುತ್ತದೆ. ಅಂತಹ ಕಿರಣವು ಪಕ್ಕದ ಗೋಡೆಯನ್ನು ತಾಗುವಾಗ ಅಲ್ಲಿಯ ಲಂಬದೊಡನೆ ೪೮ ಡಿಗ್ರಿಗಿಂತ ಕಡಿಮೆಯಾಗದ ಕೋನವನ್ನು ಮಾಡಬೇಕು. ೪೮ ಎಂಬುದು ೪೨ಕ್ಕಿಂತ ಹೆಚ್ಚು. ಆದುದರಿಂದ ಅದು ಹೊರಹೋಗಲಾರದೆ ಪೂರ್ಣ ಆಂತರಿಕ ಪ್ರತಿಫಲನವನ್ನು ಹೊಂದಿ ಮೇಲಕ್ಕೆ ಸಾಗುತ್ತದೆ. ೧೮೪೧ರಲ್ಲಿ ಜಿನೀವಾದ ಕೊಲಾಡನ್ ನೀರಿನ ಧಾರೆಯೊಳಗೆ ಬೆಳಕನ್ನು ಬಾಗಿಸಿ ತೋರಿಸಿದ್ದೂ, ಇಂದು ಸಮುದ್ರದಡಿಯ ಗಾಜಿನೆಳೆಗಳಲ್ಲಿ ದೂರವಾಣಿಯ ಮಾತು ಹರಿಯುವುದೂ ಈ ತತ್ತ್ವದಿಂದಲೇ. ವಕ್ರೀಭವನಾಂಕವು ಎರಡರ ವರ್ಗಮೂಲವಾದ ೧.೪೧ಕ್ಕಿಂತ ಹೆಚ್ಚಿರುವ ಯಾವ ದಂಡವೂ ಹೀಗೆಯೇ ವರ್ತಿಸುತ್ತದೆಂಬುದನ್ನು ವಿದ್ಯಾರ್ಥಿಗಳು ತಾವೇ ಸಾಧಿಸಿ ನೋಡಬೇಕು. ಕ್ರಾಂತಿಕೋನದ ಸೂತ್ರವೊಂದೇ ಸಾಕು.

ಇದರಿಂದ ದೊರೆಯುವ ಪ್ರಾಯೋಗಿಕ ಪಾಠ ಬಹಳ ಸ್ವಾರಸ್ಯಕರವಾದುದು. ಕೆಳಮುಖವನ್ನೂ ಪಕ್ಕದ ಗೋಡೆಯನ್ನೂ ನಯವಾಗಿ ಉಜ್ಜಿ ಹೊಳಪು ಬರಿಸಿ, ಮೇಲ್ಮುಖವನ್ನು ಮಾತ್ರ ೪೦೦ರ ಉಪ್ಪುಕಾಗದದಿಂದ ಒರಟು ಮಾಡಿದರೆ, ಬೆಳಕೆಲ್ಲ ಮೇಲ್ಮುಖದಲ್ಲಿ ಚದರಿ ಹಾಲಿನಂತೆ ಹರಡುತ್ತದೆ. ಪಕ್ಕದ ಗೋಡೆಯ ಮೇಲ್ತುದಿಯಲ್ಲಿ ಎರಡು ಮಿಲಿಮೀಟರಿನಷ್ಟನ್ನು ಒರಟು ಮಾಡಿದರೆ ಅಲ್ಲಿ ಬೆಳಕು ಸೋರಿ ಒಂದು ಉಂಗುರ ಮೂಡುತ್ತದೆ. ಅಂದರೆ ಎಲ್ಲಿ ಗೀರುತ್ತೇವೆಯೋ ಅಲ್ಲಿ ಬೆಳಗುತ್ತದೆ. ಬಣ್ಣ ಬಳಿಯುವ ಕೆಲಸವೇ ಇಲ್ಲ. ಐದು ಮಿಲಿಮೀಟರಿನ ಸ್ವಚ್ಛ ಡಯೋಡು ಬೆಳಕನ್ನು ಕಿರಿದಾದ ಶಂಕುವಿನಲ್ಲಿ ಎಸೆಯುವುದರಿಂದ ನಡುವೆ ಒಂದು ಚುಕ್ಕೆ ಉರಿದಂತೆ ಕಾಣಬಹುದು. ಅದರ ಗುಮ್ಮಟದ ತುದಿಯನ್ನು ಅರದಿಂದ ಚಪ್ಪಟೆ ಮಾಡಿ ಒರಟಾಗಿಸಿದರೆ ಶಂಕು ಅಗಲವಾಗುತ್ತದೆ.

ಮೇಲ್ಮುಖದಲ್ಲಿ ಚಿಹ್ನೆಯನ್ನು ಕೊರೆಯಬೇಕೆಂಬ ಆಸೆ ಸಹಜ. ಮೇಲ್ಭಾಗ ತೆರೆದ ವೃತ್ತ, ಅದರೊಳಗಿಂದ ಹೊರಟ ನೇರ ಗೆರೆ, ಇದನ್ನು ಎಲ್ಲರೂ ಕಂಡಿದ್ದೇವೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಪಟ್ಟಿಯಲ್ಲಿ ಗೆರೆ ಮಾತ್ರವೆಂದರೆ ಚಾಲೂ, ಪೂರ್ಣವೃತ್ತವೆಂದರೆ ಆರಿಕೆ. ತೆರೆದ ವೃತ್ತದ ಗುರುತಿಗೆ ಮೊದಲಿದ್ದ ಅರ್ಥ 'ಸನ್ನದ್ಧ ಸ್ಥಿತಿ', ಅಂದರೆ ಯಂತ್ರ ಪೂರ್ತಿಯಾಗಿ ಆರಿಲ್ಲ ಎಂಬುದು. ನಮ್ಮ ಗುಂಡಿ ಮುಖ್ಯ ವಿದ್ಯುತ್ತನ್ನು ಕಡಿಯುವುದಿಲ್ಲವಾದುದರಿಂದ ಈ ಮೂರನೆಯ ಗುರುತೇ ಸರಿ.

ದೀಪಕ್ಕೆ ವಿದ್ಯುತ್ತನ್ನು ಎಲ್ಲಿಂದ ತೆಗೆಯಬೇಕೆಂಬುದು ನೈತಿಕ ಪ್ರಶ್ನೆಯೇ ಸರಿ ಎಂದರೆ ಅತಿಶಯೋಕ್ತಿಯಾಗದು. ಹೆಚ್ಚು ಬೆಳಕು ಬೇಕೆಂದು ನೇರಳೆ ತಂತಿಯಿಂದ ನೇರವಾಗಿ ತೆಗೆದರೆ, ಯಂತ್ರ ಆರಿದ್ದರೂ ಗುಂಡಿ ಬೆಳಗುತ್ತಲೇ ಇರುತ್ತದೆ. ನೋಡಿದವನು ಯಂತ್ರ ನಡೆಯುತ್ತಿದೆಯೆಂದು ತಿಳಿದು ಅದನ್ನು ಆರಿಸಲು ಗುಂಡಿ ಒತ್ತುತ್ತಾನೆ. ಅದು ಎದ್ದು ಕೂರುತ್ತದೆ. ೨ ಮತ್ತು ೪ನೆಯ ಸೂಜಿಗಳ ದೀಪವಾದರೆ ಮದರ್‌ಬೋರ್ಡಿನ ನಿಜವಾದ ಸ್ಥಿತಿಯನ್ನೇ ಹೇಳುತ್ತದೆ. ಬಹಳಷ್ಟು ಬೋರ್ಡುಗಳಲ್ಲಿ ನಿದ್ರೆಯ ಹೊತ್ತು ಅದು ಮಿನುಗುವುದೂ ಉಂಟು. ಕೆಂಪು ಹಸಿರುಗಳ ಭೇದ ಕಾಣದವರಿಗೂ ಈ ಸ್ಥಿರ ಬೆಳಕು, ಮಿನುಗು, ಕತ್ತಲೆ ಎಂಬ ಭಾಷೆ ತಿಳಿಯುತ್ತದೆ. ನಿದ್ರಿಸುವ ಯಂತ್ರದ ದೀಪವು ಮನುಷ್ಯನ ಉಸಿರಿನಂತೆ ಏರಿಳಿಯುವ ಉಪಾಯಕ್ಕೆ ಆಪಲ್ ಸಂಸ್ಥೆಯು ೨೦೦೩ರಲ್ಲಿ ಅಮೆರಿಕದ ಪೇಟೆಂಟನ್ನೇ ಪಡೆದಿದೆ. ಸುಂದರವಾದ ಕಲ್ಪನೆ, ಆದರೆ ಮೊದಲ ಮಾದರಿಗೆ ಅದರ ಹೊರೆ ಬೇಡ.

ಮಾದರಿಯ ನಿರ್ಮಾಣವನ್ನು ಮಣ್ಣಿನಿಂದ ಆರಂಭಿಸಬೇಕೆಂಬುದು ನನ್ನ ಸಲಹೆ. ಜೇಡಿಮಣ್ಣಿನಲ್ಲೋ ಸಾಬೂನಿನಲ್ಲೋ ಪೆಟ್ಟಿಗೆಯ ಆಕಾರವನ್ನು ಮಾಡಿ, ಮೇಜಿನ ಮೇಲಿಟ್ಟು, ಕಣ್ಣುಮುಚ್ಚಿ ಕೈಚಾಚಿ ನೋಡಿದರೆ ಎತ್ತರವೆಷ್ಟಿರಬೇಕು, ಇಳಿಜಾರು ಬೇಕೇ ಎಂಬುದು ಬೆರಳಿಗೇ ತಿಳಿಯುತ್ತದೆ. ಗಾಲಿಕುರ್ಚಿಯವನಿಗಾಗಿ ಮಾಡುವುದಾದರೆ ಅವನ ಕೈಯಿಂದಲೇ ಅಳತೆ ತೆಗೆದುಕೊಳ್ಳಬೇಕು, ನಮ್ಮ ಊಹೆಯಿಂದಲ್ಲ. ಬೆರಳಿನ ಬಲ ಕಡಿಮೆಯಿದ್ದರೆ ಹಗುರವಾದ ಸ್ವಿಚ್ಚನ್ನು ಆರಿಸಬೇಕು. ಅದೇ ಹೊತ್ತಿಗೆ ಮಂಡಲವನ್ನು ಬೆಸುಗೆಯಿಲ್ಲದೆ ಪ್ರಯೋಗಫಲಕದ ಮೇಲೆ ಜೋಡಿಸಿ ಪರೀಕ್ಷಿಸಬಹುದು. ಡಯೋಡಿನ ಉದ್ದನೆಯ ಕಾಲು ಧನಾಗ್ರ. ಅದು ೨ನೆಯ ಸೂಜಿಗೆ. ಬೆಳಗದಿದ್ದರೆ ಕಾಲುಗಳನ್ನು ಅದಲುಬದಲು ಮಾಡಿದರಾಯಿತು.

ಆಕಾರ ನಿಶ್ಚಯವಾದ ಮೇಲೆ ಪೆಟ್ಟಿಗೆಯನ್ನು ಮರದಲ್ಲಾಗಲಿ, ಮೂರು ಆಯಾಮದ ಮುದ್ರಣಯಂತ್ರದಲ್ಲಾಗಲಿ ಮಾಡಬಹುದು. ಮುಚ್ಚಳ ಚಲಿಸುವ ಕೊಳವೆಯ ಒಳವ್ಯಾಸವನ್ನು ಮುಚ್ಚಳಕ್ಕಿಂತ ಸುತ್ತಲೂ ೦.೩ ಮಿಲಿಮೀಟರ್ ದೊಡ್ಡದಾಗಿ ಇರಿಸಿ. ಅದಕ್ಕಿಂತ ಬಿಗಿಯಾದರೆ ಧೂಳು ಸೇರಿ ಸಿಕ್ಕಿಕೊಳ್ಳುತ್ತದೆ; ಮರವಾದರೆ ಮಳೆಗಾಲದಲ್ಲಿ ಉಬ್ಬುವುದನ್ನೂ ಎಣಿಸಬೇಕು. ಮುಚ್ಚಳದ ಬುಡಕ್ಕೆ ೨೯ ಮಿಲಿಮೀಟರಿನ ಒಂದು ತೆಳು ಬಳೆಯನ್ನು ಅಂಟಿಸಿದರೆ ಪೆಟ್ಟಿಗೆಯನ್ನು ಬೋರಲು ಹಾಕಿದರೂ ಅದು ಉದುರುವುದಿಲ್ಲ. ಕೊಳವೆಯ ಅಂಚು ಮುಚ್ಚಳದ ಮೇಲ್ಮುಖಕ್ಕಿಂತ ಒಂದು ಮಿಲಿಮೀಟರ್ ಎತ್ತರವಿರಲಿ. ಚಪ್ಪಟೆಯಾದ ಪುಸ್ತಕ ಮೇಲೆ ಬಿದ್ದರೆ ಅಂಚಿನ ಮೇಲೆ ನಿಲ್ಲುತ್ತದೆ. ಬೆರಳು ಮಾತ್ರ ಒಳಗಿಳಿಯುತ್ತದೆ. ಪುಸ್ತಕದ ಮೂಲೆ ನೇರವಾಗಿ ಗುಂಡಿಗೆ ಇಳಿಯುವ ಸಾಧ್ಯತೆ ಉಳಿದೇ ಇರುವುದರಿಂದ, ಪೆಟ್ಟಿಗೆಯನ್ನು ಪುಸ್ತಕ ಇರಿಸುವ ಕಡೆಗೆ ಇಡದಿರುವುದು ಲೇಸು.

ತಂತಿಗೆ ಹಳೆಯ ನೆಟ್‌ವರ್ಕ್ ಕೇಬಲಿನ ತುಂಡು ಬಹಳ ಒಳ್ಳೆಯದು. ಅದರಲ್ಲಿ ನಾಲ್ಕು ಹೆಣೆದ ಜೋಡಿಗಳಿವೆ. ಒಂದು ಜೋಡಿ ಗುಂಡಿಗೆ, ಒಂದು ದೀಪಕ್ಕೆ. ಹೆಣೆದಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಕಡಿಮೆ ಹತ್ತುತ್ತದೆ. ಎರಡು ಮೀಟರಿನಷ್ಟು ಉದ್ದಕ್ಕೆ ಅದರ ರೋಧ ಲೆಕ್ಕಕ್ಕೆ ಬರುವಷ್ಟಿಲ್ಲ.

ಸಿದ್ಧವಾದ ಗುಂಡಿಯನ್ನು ಯಂತ್ರಕ್ಕೆ ಜೋಡಿಸುವ ಮೊದಲು ಮಲ್ಟಿಮೀಟರಿಗೆ ಜೋಡಿಸಿ ನೂರಾರು ಸಲ ಒತ್ತಿ ನೋಡಬೇಕು: ನಡುವೆ, ನಾಲ್ಕೂ ಅಂಚುಗಳಲ್ಲಿ, ಉಗುರಿನಿಂದ, ಹೆಬ್ಬೆರಳಿನಿಂದ. ಪ್ರತಿಸಲವೂ ಬಿಟ್ಟೊಡನೆ ಮಂಡಲ ಕಡಿಯಲೇಬೇಕು. ಒಂದೇ ಒಂದು ಸಲ ತಡವಾದರೂ ಕೊಳವೆಯನ್ನು ಮತ್ತೆ ಉಜ್ಜಬೇಕು. ಅನಂತರ ದೀಪವನ್ನು ಕಿಟಕಿಯ ಪಕ್ಕದ ಮಧ್ಯಾಹ್ನದ ಬೆಳಕಿನಲ್ಲೊಮ್ಮೆ, ಕೊಠಡಿಯ ದೀಪಗಳನ್ನೆಲ್ಲ ಆರಿಸಿ ಒಮ್ಮೆ ನೋಡಿರಿ. ಕತ್ತಲಲ್ಲಿ ಕಣ್ಣಿಗೆ ಚುಚ್ಚಿದರೆ ಡಯೋಡಿನೊಡನೆ ಸರಣಿಯಲ್ಲಿ ೬೮೦ ಓಮಿನ ಮತ್ತೊಂದು ರೋಧಕವನ್ನು ಸೇರಿಸಿ. ಒಟ್ಟು ೧೦೧೦ ಓಮಾಗಿ ಪ್ರವಾಹ ಸುಮಾರು ೨ ಮಿಲಿ ಆಂಪಿಯರಿಗೆ ಇಳಿಯುತ್ತದೆ. ಪ್ರವಾಹ ಮೂರನೆಯ ಒಂದು ಭಾಗಕ್ಕೆ ಇಳಿದರೂ ಬೆಳಕು ಅಷ್ಟು ಕಡಿಮೆಯಾದಂತೆ ನಮ್ಮ ಕಣ್ಣಿಗೆ ತೋರುವುದಿಲ್ಲವೆಂಬುದನ್ನು ಆಗ ಗಮನಿಸಿರಿ.

ಎಲ್ಲವೂ ಸರಿಯಾದ ಬಳಿಕ ಕೇಬಲಿನ ಎರಡು ತುದಿಗಳಿಗೂ ಗುರುತುಚೀಟಿ ಅಂಟಿಸಿ, ಪೆಟ್ಟಿಗೆಯನ್ನು ಎರಡು ತಿರುಪುಗಳಿಂದ ಮೇಜಿಗೆ ಬಿಗಿಯಿರಿ. ಪೆಟ್ಟಿಗೆಯೊಳಗೆ ಕೇಬಲನ್ನು ಒಮ್ಮೆ ಗಂಟುಹಾಕಿದ್ದರೆ, ಯಾರ ಕಾಲಾದರೂ ಅದಕ್ಕೆ ತೊಡರಿದಾಗ ಎಳೆತವು ಬೆಸುಗೆಯ ಮೇಲೆ ಬೀಳದೆ ಗಂಟಿನ ಮೇಲೆಯೇ ನಿಲ್ಲುತ್ತದೆ.